ಕಾಲರ್ ಎತ್ತರಿಸಿದರೆ ಸಾಕೇ?

ಓದಲು ಹೋದ ಮಗಳು ರಜೆಯಲ್ಲದ ಹೊತ್ತಿನಲ್ಲಿ ಮನೆಗೆ ಬಂದರೆ ತಾಯಿಗೆ ಮೊದಲು ಆಗುವುದು ಸಂತೋಷವೇ. ಯಾಕೆ ಬಂದಳು ಎಂಬ ಪ್ರಶ್ನೆ ಆಮೇಲೆ ಏಳುತ್ತದೆ. ಕೆಲವು ಮನೆಗಳಲ್ಲಿ ಬಹಳ ತಡವಾಗಿ ಏಳುತ್ತದೆ. ಟೈಲರಮ್ಮನ ಮನೆಯಲ್ಲೂ ಹಾಗೆಯೇ ಆಯಿತು.

ಬೀದಿಗೆ ಬಾಗಿಲಿದ್ದ ಮುಂದಿನ ಕೋಣೆಯೇ ಟೈಲರಮ್ಮನ ಅಂಗಡಿ. ಕಿಟಕಿಯ ಪಕ್ಕ ಹೊಲಿಗೆ ಯಂತ್ರ, ಗೋಡೆಗೆ ಆಳೆತ್ತರದ ಕನ್ನಡಿ, ಮೂಲೆಯಲ್ಲಿ ಬಟ್ಟೆ ಬದಲಿಸಲು ಒಂದು ಪರದೆ. ಗಾಳಿಗೆ ಪರದೆ ಹಾರದಿರಲಿ, ಒಳಗೆ ನಿಂತವರಿಗೆ ಧೈರ್ಯವಿರಲಿ ಎಂದು ಅದರ ಅಂಚಿನಲ್ಲಿ ಸಣ್ಣ ಕಲ್ಲುಗಳನ್ನಿಟ್ಟು ಅವರೇ ಹೊಲಿದಿದ್ದರು.

ಅವರಿಗೆ ಈ ಕೆಲಸ ಕಲಿಸಿದ್ದು ಚಿಕ್ಕಮ್ಮ. ಕೈಗೆ ಕತ್ತರಿ ಕೊಡುವ ಮೊದಲೇ ಚಿಕ್ಕಮ್ಮ ಎರಡು ಪಾಠ ಹೇಳಿಕೊಟ್ಟಿದ್ದರು.

"ಹಿಂದಿನಿಂದ ಬಂದು ಯಾರ ಮೈಮೇಲೂ ಟೇಪು ಇಡ್ಬೇಡ. ಎದುರಿಗೆ ನಿಂತ್ಕೊ, ಟೇಪು ತೋರಿಸು, ಅಳತೆ ತಗೊಳ್ಳಲಾ ಅಂತ ಕೇಳು." ಇದು ಮೊದಲನೆಯದು. "ದಪ್ಪ ಆಗಿದ್ರೂ ಯಾಕೆ ಅಂತ ಕೇಳ್ಬೇಡ, ಸಣ್ಣ ಆಗಿದ್ರೂ ಕೇಳ್ಬೇಡ. ಅಳತೆ ತಗೊ, ಬಾಯಿ ಮುಚ್ಕೊಂಡು ಹೊಲಿ." ಇದು ಎರಡನೆಯದು.

ಟೈಲರಮ್ಮ ಎರಡನ್ನೂ ಮೀರಿದವರಲ್ಲ. ಸುತ್ತಲಿನ ಹೆಂಗಸರು ಅವರನ್ನು ಅಷ್ಟೊಂದು ನಂಬುತ್ತಿದ್ದುದು ಅದಕ್ಕೇ.

ಅವರ ಒಬ್ಬಳೇ ಮಗಳನ್ನು ಮನೆಯಲ್ಲಿ ಎಲ್ಲರೂ ಕರೆಯುತ್ತಿದ್ದುದು ಉಂಡೆ ಎಂದು. ಹುಟ್ಟಿದಾಗ ದಾರದ ಉಂಡೆಯ ಹಾಗೆ ಗುಂಡುಗುಂಡಗೆ ಇದ್ದಳಂತೆ. ಹೆಸರಿಟ್ಟದ್ದು ಅಪ್ಪ. ನಗರದ ಬಸ್ಸಿನ ಚಾಲಕರಾದ ಅವರನ್ನು ಬೀದಿಯವರು ಡ್ರೈವರಣ್ಣ ಎನ್ನುತ್ತಿದ್ದರು. ಉಂಡೆ ದೊಡ್ಡ ಊರಿನ ವಿಶ್ವವಿದ್ಯಾಲಯದಲ್ಲಿ ರಸಾಯನಶಾಸ್ತ್ರದ ಎಂ.ಎಸ್ಸಿ. ಮಾಡುತ್ತಿದ್ದಳು. ಪ್ರಯೋಗಶಾಲೆಗೆ ಬೇಕಾದ ಬಿಳಿ ಕೋಟನ್ನು ಟೈಲರಮ್ಮನೇ ಹೊಲಿದು ಕಳಿಸಿದ್ದರು. ಅದನ್ನು ಹೊಲಿಯುವಾಗ ಕನ್ನಡಿಯ ಮುಂದೆ ತಾವೇ ಒಮ್ಮೆ ತೊಟ್ಟು ನೋಡಿದ್ದನ್ನು ಅವರು ಯಾರಿಗೂ ಹೇಳಿರಲಿಲ್ಲ.

ಎರಡನೆಯ ವರ್ಷ ಶುರುವಾದ ಮೇಲೆ ಉಂಡೆ ವಾರವಾರವೂ ಮನೆಗೆ ಬರತೊಡಗಿದಳು. ಬರುವಾಗಲೆಲ್ಲ ಚೀಲದಲ್ಲಿ ತಿದ್ದಲು ಬಟ್ಟೆ.

"ಅಮ್ಮ, ಇದಕ್ಕೆ ಕುತ್ತಿಗೆ ತನಕ ಬರೋ ಹಾಗೆ ಕಾಲರ್ ಇಡು."

"ಅಮ್ಮ, ಇದರ ತೋಳು ಮಣಿಕಟ್ಟಿನವರೆಗೂ ಬರ್ಬೇಕು."

"ಇದನ್ನ ಸಡಿಲ ಮಾಡು. ಇನ್ನೂ ಸ್ವಲ್ಪ. ಇನ್ನೂ."

ವಿಚಿತ್ರವೆಂದರೆ ಬಟ್ಟೆ ಸಡಿಲವಾಗುತ್ತಿತ್ತು, ಮೈ ಸಣ್ಣಗಾಗುತ್ತಿತ್ತು. ಟೇಪು ಅದನ್ನು ಟೈಲರಮ್ಮನಿಗೆ ಹೇಳಿತು. ಹಾಸ್ಟೆಲಿನ ಊಟ ಹಿಡಿಸಿಲ್ಲ ಎಂದುಕೊಂಡರು. ಈಗಿನ ಫ್ಯಾಷನ್ ಹೀಗಿರಬಹುದು ಎಂದುಕೊಂಡರು. ಅಳತೆ ತೆಗೆದರು, ಹೊಲಿದರು. ಯಾಕೆ ಎಂದು ಕೇಳಲಿಲ್ಲ. ಗಿರಾಕಿಗಳ ಜೊತೆ ನಡೆದು ನಡೆದು ಅಭ್ಯಾಸವಾದ ದಾರಿಯಲ್ಲೇ ಮಗಳ ಜೊತೆಗೂ ನಡೆದುಬಿಟ್ಟರು.

ಒಂದು ಮಧ್ಯಾಹ್ನ ಉಂಡೆ ಪೆಟ್ಟಿಗೆ, ಹಾಸಿಗೆ ಎಲ್ಲ ಕಟ್ಟಿಕೊಂಡೇ ಬಂದಳು.

"ಅಮ್ಮ, ನನಗೆ ಓದು ಸಾಕು. ನಿನ್ನ ಜೊತೆ ಮಿಷನ್ ಮೇಲೆ ಕೂತ್ಕೋತೀನಿ."

"ಇನ್ನು ಉಳಿದಿರೋದೇ ಸ್ವಲ್ಪ, ಅಲ್ವೇನೇ?"

"ನನ್ನ ತಲೆಗೆ ಹತ್ತಲ್ಲಮ್ಮ. ನಾನು ದಡ್ಡಿ."

ಮೊದಲ ವರ್ಷ ತರಗತಿಗೇ ಮೊದಲು ಬಂದವಳ ಬಾಯಿಂದ ಈ ಮಾತು! ಆಗಲಾದರೂ ಟೈಲರಮ್ಮ ಕೇಳಬಹುದಿತ್ತು. ಆದರೆ ಮಗಳ ಕಣ್ಣಿನ ಕೆಳಗಿನ ಕಪ್ಪನ್ನು ಕಂಡು, ಮೊದಲು ಸುಧಾರಿಸಿಕೊಳ್ಳಲಿ ಎಂದು ಸುಮ್ಮನಾದರು. ನಿಜ ಹೇಳಬೇಕೆಂದರೆ ಒಳಗೊಳಗೇ ಸ್ವಲ್ಪ ಹಿಗ್ಗಿದರು ಕೂಡ. ಮಂಚದ ಕೆಳಗಿದ್ದ ಚಿಕ್ಕಮ್ಮನ ಹಳೆಯ ಯಂತ್ರವನ್ನು ಎಳೆದು ತಂದರು, ಎಣ್ಣೆ ಬಿಟ್ಟರು, ಕಿಟಕಿಯ ಇನ್ನೊಂದು ಬದಿಗೆ ಇಟ್ಟರು. ಬೆಳಕು ಚೆನ್ನಾಗಿ ಬೀಳುವ ಬದಿ ಅದು.

ರಾತ್ರಿ ಊಟದ ಹೊತ್ತಿಗೆ ವಿಷಯ ಕೇಳಿ ಡ್ರೈವರಣ್ಣನ ಮುಖ ಬಾಡಿತು. "ಹೋಗ್ಲಿ ಬಿಡು, ಬಲವಂತ ಬೇಡ," ಎಂದಷ್ಟೇ ಹೇಳಿ, ಮಗಳ ತಟ್ಟೆಗೆ ಇನ್ನೊಂದು ಸೌಟು ಅನ್ನ ಬಡಿಸಿದರು.

ಆ ವಾರದಲ್ಲೇ ಒಂದು ಬೆಳಿಗ್ಗೆ ಉಂಡೆ ಹಳೆಯ ಯಂತ್ರದ ಮುಂದೆ ಕೂತು ದಿಂಬಿನ ಚೀಲ ಹೊಲಿಯುತ್ತಿದ್ದಳು. ಟೈಲರಮ್ಮ ತುಟಿಗಳ ನಡುವೆ ಗುಂಡುಸೂಜಿ ಕಚ್ಚಿಕೊಂಡು ಯಾರದೋ ಹೂವಿನ ಅಂಗಿಯ ಮಡಿಕೆ ಹಿಡಿಯುತ್ತಿದ್ದರು. ಉಳಿದ ಹೂವಿನ ಬಟ್ಟೆಯಲ್ಲಿ ಮಗಳಿಗೊಂದು ಅಂಗಿ ಆದೀತೇ ನೋಡೋಣ ಎನಿಸಿತು. ಸೂಜಿಯ ಬಾಯಿ, ಮಾತಾಡುವ ಹಾಗಿಲ್ಲ. ಮಗಳಲ್ಲವೇ ಎಂದು ಸುಮ್ಮನೆ ಹಿಂದಿನಿಂದ ಹೋಗಿ ಅವಳ ಭುಜದ ಮೇಲೆ ಟೇಪು ಇಟ್ಟರು.

ಉಂಡೆ ಬೆಂಕಿ ಮುಟ್ಟಿದವಳಂತೆ ಎದ್ದಳು. ಕುರ್ಚಿ ಮಗುಚಿಬಿತ್ತು. ಗೋಡೆಗೆ ಬೆನ್ನು ಹಚ್ಚಿ, ಎರಡೂ ಕೈ ಎದೆಗೆ ಒತ್ತಿಕೊಂಡು, "ಬೇಡ ಸರ್," ಎಂದಳು.

ಟೈಲರಮ್ಮನ ಬಾಯಿಯ ಸೂಜಿಗಳೆಲ್ಲ ನೆಲಕ್ಕೆ ಬಿದ್ದವು.

ಟೈಲರಮ್ಮ ಬೀದಿಯ ಬಾಗಿಲನ್ನು ಮೆಲ್ಲನೆ ಮುಂದೆ ಮಾಡಿದರು. ಗೂಡಿನಲ್ಲಿದ್ದ ಅಯಸ್ಕಾಂತ ತಂದು ನೆಲದ ಮೇಲೆ ಕೂತು ಸೂಜಿ ಹೆಕ್ಕತೊಡಗಿದರು. ಉಂಡೆಯೂ ಬಂದು ಎದುರಿಗೆ ಕೂತಳು. ಇಬ್ಬರ ಕಣ್ಣೂ ನೆಲದ ಮೇಲಿತ್ತು. ಮುಖ ನೋಡಬೇಕಾಗಿರಲಿಲ್ಲ. ಬಹುಶಃ ಅದಕ್ಕೇ ಮಾತು ಬಂತು.

"ಯಾಕೆ ಉಂಡೆ?" ಎಂದು ಕೇಳಿದರು ಟೈಲರಮ್ಮ.

ಅವರ ಬಾಯಿಂದ ಆ ಪದ ಬರುವುದು ಅಷ್ಟು ಕಷ್ಟವೆಂದು ಅವರಿಗೇ ಗೊತ್ತಿರಲಿಲ್ಲ.

ಉಂಡೆ ಒಂದೊಂದು ಸೂಜಿಗೆ ಒಂದೊಂದು ಮಾತಿನಂತೆ ಹೇಳಿದಳು. ಪ್ರಾಜೆಕ್ಟಿಗೆ ಗೈಡ್ ಆಗಿರುವ ಸರ್, ಅವಳು ಪ್ರಯೋಗದಲ್ಲಿ ಮುಳುಗಿರುವಾಗ ಹಿಂದಿನಿಂದ ಬಂದು ನಿಲ್ಲುತ್ತಾರೆ. ಭುಜದ ಮೇಲೆ ಕೈ ಇಡುತ್ತಾರೆ, ತೆಗೆಯುವುದಿಲ್ಲ. ಕಾಗದ ತೋರಿಸುವ ನೆಪದಲ್ಲಿ ತಾಕುತ್ತಾರೆ. ಫೋನಿಗೆ ಬೇಡದ ಸಂದೇಶ ಕಳಿಸುತ್ತಾರೆ. ಉತ್ತರ ಕೊಡದಿದ್ದರೆ, "ಅಂಕ ಹಾಕೋದು ಯಾರು ಅಂತ ಗೊತ್ತಲ್ಲ?" ಎನ್ನುತ್ತಾರೆ. ಒಂದು ದಿನ ಎಲ್ಲರನ್ನೂ ಕಳಿಸಿ, ಅವಳೊಬ್ಬಳನ್ನೇ ಉಳಿಸಿಕೊಂಡು ಬಾಗಿಲಿಗೆ ಅಡ್ಡ ನಿಂತರು. ಅವಳು ಕೈಯಲ್ಲಿದ್ದ ಗಾಜಿನ ಪಾತ್ರೆಯನ್ನು ನೆಲಕ್ಕೆ ಹಾಕಿದಳು. ಸದ್ದಿಗೆ ಅಟೆಂಡರ್ ಬಂದ. ಅವಳು ಓಡಿದಳು. ಮಾರನೆಯ ದಿನದಿಂದ ಆ ಅಟೆಂಡರ್ ಏನೂ ಕೇಳದೆ, ಪ್ರಯೋಗಶಾಲೆಯ ಬಾಗಿಲು ಮುಚ್ಚದಂತೆ ಒಂದು ಸ್ಟೂಲು ಅಡ್ಡ ಇಡತೊಡಗಿದ. ಹಾಸ್ಟೆಲ್ ಕೋಣೆಯ ಗೆಳತಿ ತನ್ನ ತರಗತಿ ಬಿಟ್ಟು ಬಂದು ಹೊರಗಿನ ಮೆಟ್ಟಿಲ ಮೇಲೆ ಪುಸ್ತಕ ಹಿಡಿದು ಕೂರತೊಡಗಿದಳು. ಆದರೂ ಉಂಡೆಗೆ ನಿದ್ದೆ ಹೋಯಿತು. ಓದಿದ್ದು ತಲೆಯಲ್ಲಿ ನಿಲ್ಲದಾಯಿತು. ಆ ಕಟ್ಟಡದ ಮೆಟ್ಟಿಲು ಕಂಡರೆ ಕಾಲು ತಾನಾಗಿ ಹಿಂದಕ್ಕೆ ತಿರುಗುತ್ತಿತ್ತು.

"ನಾನೇ ಏನೋ ತಪ್ಪು ಮಾಡಿರ್ಬೇಕು ಅನ್ಸುತ್ತಮ್ಮ. ಮೊದಮೊದಲು ಚೆನ್ನಾಗಿ ಪಾಠ ಹೇಳ್ತಾರೆ ಅಂತ ನಗ್ತಾ ಮಾತಾಡಿದ್ದೆ."

ಏನಾದರೂ ಮಾಡಬೇಕು, ಈಗಲೇ ಮಾಡಬೇಕು ಎಂದು ಟೈಲರಮ್ಮನ ಕೈಗಳು ಚಡಪಡಿಸಿದವು. ಆ ಕೈಗಳಿಗೆ ಗೊತ್ತಿದ್ದುದು ಒಂದೇ ಕೆಲಸ.

"ಕಾಲರ್ ಇನ್ನೂ ಒಂದು ಬೆರಳು ಎತ್ತರಿಸಿ ಕೊಡ್ತೀನಿ. ಮೇಲೊಂದು ದಪ್ಪ ಕೋಟು..."

ಉಂಡೆ ತಲೆ ಎತ್ತಿದಳು.

"ಅಮ್ಮ, ಅವತ್ತು ನಾನು ಹಾಕ್ಕೊಂಡಿದ್ದು ನೀನು ಹೊಲಿದ ಬಿಳಿ ಕೋಟು. ಕುತ್ತಿಗೆ ತನಕ ಗುಂಡಿ ಹಾಕಿತ್ತು."

ಟೈಲರಮ್ಮನ ಕೈ ನಿಂತಿತು. ಹೊಲಿದು ಕೊಟ್ಟ ಕಾಲರುಗಳು, ಉದ್ದ ಮಾಡಿದ ತೋಳುಗಳು ಎಲ್ಲ ಕಣ್ಣ ಮುಂದೆ ಸಾಲಾಗಿ ನಿಂತವು. ತಪ್ಪು ಅಲ್ಲೆಲ್ಲೋ ಇರುವಾಗ ತಾವು ಇಲ್ಲಿ ಕೂತು ಮಗಳನ್ನು ತಿದ್ದುತ್ತಿದ್ದೆವಲ್ಲ ಎಂದು ಅರಿವಾಯಿತು. ಮಗಳ ಮುಖ ನೋಡಿ ಕೇಳಿದರು.

"ಹತ್ತಿರ ಬರ್ಲಾ?"

ಉಂಡೆ ತಾನೇ ಬಂದು ಅವರ ಮಡಿಲಲ್ಲಿ ತಲೆ ಇಟ್ಟಳು. ಅವಳು ಅಷ್ಟು ಅತ್ತದ್ದನ್ನು ಟೈಲರಮ್ಮ ಅವಳ ಬಾಲ್ಯದಲ್ಲೂ ನೋಡಿರಲಿಲ್ಲ.

"ನರ್ಸಕ್ಕನಿಗೆ ಹೇಳಲಾ? ನೀನು ಹೂಂ ಅಂದ್ರೆ ಮಾತ್ರ," ಎಂದರು ಕೊನೆಗೆ.

"ಹೂಂ. ಅಪ್ಪನಿಗೂ ನೀನೇ ಹೇಳು."

ನರ್ಸಕ್ಕ ಎದುರು ಮನೆಯವರು. ಆಸ್ಪತ್ರೆಯಲ್ಲಿ ಕೆಲಸ. ಅವರ ಆಸ್ಪತ್ರೆಯಲ್ಲಿ ಇಂಥ ದೂರುಗಳನ್ನು ಕೇಳುವ ಸಮಿತಿಯೊಂದಿದೆ, ಅದರಲ್ಲಿ ಅವರೂ ಸದಸ್ಯರು. ಸಂಜೆ ಸಮವಸ್ತ್ರದಲ್ಲೇ ಬಂದರು. ಉಂಡೆಯ ಪಕ್ಕದಲ್ಲಿ ಕೂತು ಎಲ್ಲ ಕೇಳಿದರು, ನಡುವೆ ಒಮ್ಮೆಯೂ ಬಾಯಿ ಹಾಕಲಿಲ್ಲ.

"ಪುಟ್ಟ, ನೀನು ದಡ್ಡಿ ಅಲ್ಲ," ಎಂದರು. "ಹೆದರಿಕೆ ಮನಸ್ಸಲ್ಲಿ ಬೀಡುಬಿಟ್ರೆ ಓದೋಕೆ ಜಾಗ ಎಲ್ಲಿರುತ್ತೆ? ನಿದ್ದೆ ಬರದಿರೋದು, ಹಸಿವಿಲ್ಲದಿರೋದು, ತರಗತಿ ಬೇಡ ಅನ್ಸೋದು, ನಂದೇ ತಪ್ಪು ಅನ್ಸೋದು, ಇದೆಲ್ಲ ಅವನು ಮಾಡಿದ ಗಾಯ. ನೀನು ನಕ್ಕಿದ್ದು ಗುರುವಿನ ಜೊತೆ. ಅದು ತಪ್ಪಲ್ಲ."

"ಮೆಸೇಜ್ ಎಷ್ಟೋ ಅಳಿಸಿಬಿಟ್ಟಿದ್ದೀನಿ ಆಂಟಿ. ನೋಡೋಕೇ ಅಸಹ್ಯ ಆಗ್ತಿತ್ತು."

"ಹೋಗ್ಲಿ ಬಿಡು. ಇರೋದನ್ನ ಇನ್ನು ಅಳಿಸಬೇಡ, ಅಷ್ಟೆ. ನಿನ್ನ ಗೆಳತಿ ನೋಡಿದಾಳೆ, ಅಟೆಂಡರ್ ನೋಡಿದಾನೆ. ಯಾರೂ ನೋಡದಿದ್ರೂ ನಿನ್ನ ಮಾತಿಗೆ ಬೆಲೆ ಇದೆ."

ಅಷ್ಟರಲ್ಲಿ ಡ್ರೈವರಣ್ಣ ಬಂದರು. ಟೈಲರಮ್ಮ ಅವರನ್ನು ಒಳಗೆ ಕರೆದು ಹೇಳಿದರು. ಹೊರಗೆ ಬಂದು ಅವರು ಕುರ್ಚಿಯಲ್ಲಿ ಕೂತರು, ಎದ್ದರು, ಮತ್ತೆ ಕೂತರು.

"ಅವನ ಕೈ ಮುರೀತೀನಿ," ಎಂದರು ಮೊದಲು.

"ಮುರಿದ್ರೆ ನೀವು ಒಳಗೆ ಕೂರ್ತೀರ, ಅವನು ಆಸ್ಪತ್ರೇಲಿ ಮಲಗ್ತಾನೆ. ಅವನಿಗೆ ಇಂಜೆಕ್ಷನ್ ಚುಚ್ಚೋ ಕೆಲಸ ನನಗೇ ಬರುತ್ತೆ. ಬೇಡಣ್ಣ," ಎಂದರು ನರ್ಸಕ್ಕ.

ಡ್ರೈವರಣ್ಣನ ಸಿಟ್ಟು ಇಳಿಯಿತು. ಅದರ ಜಾಗಕ್ಕೆ ಭಯ ಬಂತು.

"ಹಾಗಾದ್ರೆ ಇದನ್ನ ಇಲ್ಲಿಗೇ ಬಿಡೋಣ ಸಿಸ್ಟರ್. ದೂರು ಗೀರು ಅಂದ್ರೆ ಊರೆಲ್ಲ ಗೊತ್ತಾಗುತ್ತೆ. ನಾಲ್ಕು ಜನ ನಾಲ್ಕು ಮಾತಾಡ್ತಾರೆ. ಅವರು ದೊಡ್ಡವರು, ನಾವು ಬಸ್ ಓಡ್ಸೋರು. ಮಗು ಮನೇಲಿದೆ, ಕ್ಷೇಮವಾಗಿದೆ. ಸಾಕು."

"ಅಣ್ಣ, ಒಂದು ಕೇಳ್ಲಾ? ನಿಮ್ಮ ಬಸ್ಸಲ್ಲಿ ಒಬ್ಬ ಗಂಡಸು ಒಂದು ಹುಡುಗಿಗೆ ಹೀಗೆ ಕಾಟ ಕೊಟ್ರೆ ಏನ್ ಮಾಡ್ತೀರ?"

"ಏನ್ ಮಾಡ್ತೀನಿ? ಬಸ್ ನಿಲ್ಲಿಸ್ತೀನಿ. ಕೆಳಗಿಳಿಸ್ತೀನಿ. ಎಷ್ಟೋ ಸಲ ಇಳಿಸಿದ್ದೀನಿ!"

"ಯಾರನ್ನ?"

"ಯಾರನ್ನ ಅಂದ್ರೆ? ಅವನನ್ನ."

"ಮತ್ತೆ ಈಗ ನಮ್ಮ ಉಂಡೇನ ಇಳಿಸ್ತಿದ್ದೀರಲ್ಲಣ್ಣ."

ಡ್ರೈವರಣ್ಣ ಕಿಟಕಿಯ ಪಕ್ಕದ ಎರಡನೆಯ ಯಂತ್ರವನ್ನು ನೋಡಿದರು, ಮಗಳನ್ನು ನೋಡಿದರು. ಟೈಲರಮ್ಮನೂ ಆ ಯಂತ್ರವನ್ನೇ ನೋಡುತ್ತಿದ್ದರು. ಎಷ್ಟು ಪ್ರೀತಿಯಿಂದ ಅದಕ್ಕೆ ಎಣ್ಣೆ ಬಿಟ್ಟಿದ್ದರು!

"ನಿನಗೇನು ಬೇಕು ಉಂಡೆ?" ಎಂದು ಡ್ರೈವರಣ್ಣ ಕೇಳಿದರು. ಧ್ವನಿ ಬಹಳ ಮೆತ್ತಗಿತ್ತು.

"ನನ್ನ ಪ್ರಯೋಗ ಮುಗಿಸ್ಬೇಕಪ್ಪ," ಎಂದಳು ಅವಳು. "ಆದ್ರೆ ಅವರ ಕೈ ಕೆಳಗೆ ಅಲ್ಲ. ಮತ್ತೆ... ನೀವಿಬ್ರೂ ನನ್ನ ಜೊತೆ ಬರ್ಬೇಕು."

ಅದಾದ ಮೇಲೆ ನರ್ಸಕ್ಕ ದಾರಿ ಹೇಳಿಕೊಟ್ಟರು. ಅವಳ ವಿಶ್ವವಿದ್ಯಾಲಯದಲ್ಲೂ ದೂರು ಸಮಿತಿ ಇದೆ, ಅದರ ಫೋನ್ ನಂಬರ್ ಸೂಚನಾ ಫಲಕದಲ್ಲಿರುತ್ತದೆ. ನಡೆದದ್ದನ್ನು ನೆನಪಿದ್ದಷ್ಟು, ನೆನಪಿದ್ದ ಹಾಗೆ ಬರೆದುಕೊಟ್ಟರೆ ಸಾಕು. ವಿಚಾರಣೆ ಮುಗಿಯುವವರೆಗೆ ಬೇರೆ ಗೈಡ್ ಕೊಡಿ ಎಂದು ಕೇಳಬಹುದು. ಹೆಸರು ಹೊರಗೆ ಬಿಡಬೇಡಿ ಎಂದು ಕೇಳಬಹುದು. ಮನಸ್ಸಿನ ಭಾರಕ್ಕೆ ಆಪ್ತ ಸಮಾಲೋಚಕರನ್ನು ಕಾಣಬಹುದು. ಜ್ವರಕ್ಕೆ ಡಾಕ್ಟರ ಹತ್ತಿರ ಹೋದ ಹಾಗೆಯೇ ಅದು.

ಡ್ರೈವರಣ್ಣ ರಜೆ ಹಾಕಿದರು. ಇನ್ನೊಬ್ಬರು ಓಡಿಸುವ ಬಸ್ಸಿನಲ್ಲಿ ಕೂತು ಅವರಿಗೆ ಅಭ್ಯಾಸವೇ ಇಲ್ಲ. ದಾರಿಯುದ್ದಕ್ಕೂ ಅವರ ಬಲಗಾಲು ಇಲ್ಲದ ಬ್ರೇಕನ್ನು ಒತ್ತುತ್ತಿತ್ತು.

"ಅಪ್ಪ, ಆ ಚಾಲಕರಿಗೆ ಬಸ್ ಬರುತ್ತೆ," ಎಂದಳು ಉಂಡೆ.

"ಬರುತ್ತೆ, ಬರುತ್ತೆ. ತಿರುವಲ್ಲಿ ಸ್ವಲ್ಪ ಅವಸರ," ಎಂದರು ಅವರು. ಬಹಳ ದಿನಗಳ ಮೇಲೆ ಉಂಡೆ ನಕ್ಕಳು.

ಸಮಿತಿಯ ಕೋಣೆಯ ಹೊರಗೆ ಗೆಳತಿ ಕಾಯುತ್ತಿದ್ದಳು, ಕೈಯಲ್ಲಿ ಅದೇ ಪುಸ್ತಕ. ಉಂಡೆ ಅವಳ ಕೈ ಹಿಡಿದು ಒಳಗೆ ಹೋದಳು. ಟೈಲರಮ್ಮ ಹೊರಗಿನ ಬೆಂಚಿನ ತುದಿಯಲ್ಲಿ ಕೂತರು. ಒಳಗಿನಿಂದ ಒಬ್ಬ ಹಿರಿಯ ಹೆಂಗಸಿನ ಧ್ವನಿ ಕೇಳಿಸಿತು.

"ಬಾಮ್ಮ. ಬಾಗಿಲು ಮುಚ್ಚಲಾ, ತೆಗೆದೇ ಇರ್ಲಾ? ನಿನಗೆ ಹೇಗೆ ಬೇಕೋ ಹಾಗೆ."

ಟೈಲರಮ್ಮನಿಗೆ ಚಿಕ್ಕಮ್ಮನ ಮೊದಲ ಪಾಠ ನೆನಪಾಯಿತು. ಎದುರಿಗೆ ನಿಂತು, ಕೇಳಿ, ಆಮೇಲೆ ಟೇಪು ಹಿಡಿಯುವವರು ಇವರು. ಟೈಲರಮ್ಮ ಬೆಂಚಿಗೆ ಬೆನ್ನು ಒರಗಿಸಿದರು. ಡ್ರೈವರಣ್ಣ ತಮ್ಮ ಕರವಸ್ತ್ರವನ್ನು ಅವರ ಕೈಗಿಟ್ಟರು.

ದೂರು ಕೊಟ್ಟ ಕೂಡಲೇ ಎಲ್ಲ ಸರಿಹೋಯಿತು ಎಂದರೆ ಸುಳ್ಳಾಗುತ್ತದೆ. ಉಂಡೆಗೆ ಬೇರೆ ಗೈಡ್ ಬೇಗನೆ ಸಿಕ್ಕರು. ಆ ಸರ್ ಪ್ರಯೋಗಶಾಲೆಗೆ ಬರಬಾರದೆಂದೂ ಆಯಿತು. ಆದರೆ ವಿಚಾರಣೆ ನಿಧಾನವಾಗಿ ಸಾಗಿತು. ಕೆಲವು ಸಹಪಾಠಿಗಳು ಬೆನ್ನ ಹಿಂದೆ ಪಿಸುಗುಟ್ಟಿದರು. ಒಂದೆರಡು ಸಲ ಅವಳು ಫೋನ್ ಮಾಡಿ, "ಅಮ್ಮ, ಬಂದ್ಬಿಡ್ಲಾ?" ಎಂದಳು. ಟೈಲರಮ್ಮ ಅಲ್ಲೇ ಇರು ಎನ್ನಲಿಲ್ಲ, ಬಾ ಎನ್ನಲಿಲ್ಲ. "ಇವತ್ತೇನಾಯ್ತು, ಹೇಳು," ಎಂದರು. ಹೇಳುತ್ತ ಹೇಳುತ್ತ ಅವಳ ಉಸಿರು ಸಮವಾಗುತ್ತಿತ್ತು. ನಡುವೆ ಹಿಂದಿನ ವರ್ಷದ ವಿದ್ಯಾರ್ಥಿನಿಯೊಬ್ಬಳು, ಆಮೇಲೆ ಆ ಸರ್‌ನ ಹೊಲಸು ಮಾತು ನುಂಗಿಕೊಂಡಿದ್ದ ಒಬ್ಬ ವಿದ್ಯಾರ್ಥಿ ತಾವಾಗಿ ಮುಂದೆ ಬಂದು ಸಮಿತಿಗೆ ಹೇಳಿದರು. ಅಟೆಂಡರ್ ಸ್ಟೂಲಿನ ಕಥೆ ಹೇಳಿದ. ಕೊನೆಗೆ ಇಳಿಯಬೇಕಾದವರೇ ಇಳಿದರು. ಆ ಸರ್ ಕೆಲಸ ಕಳೆದುಕೊಂಡರು.

ಪರೀಕ್ಷೆ ಮುಗಿಸಿ ಉಂಡೆ ಮನೆಗೆ ಬಂದ ದಿನ ಟೈಲರಮ್ಮ ತಿದ್ದಿದ ಅಂಗಿಗಳನ್ನೆಲ್ಲ ಮೇಜಿನ ಮೇಲೆ ಹರಡಿದರು. ಹೊಲಿಗೆ ಬಿಚ್ಚುವ ಕೊಕ್ಕೆ ಕೈಯಲ್ಲಿ ಹಿಡಿದು ಅವಳ ಎದುರಿಗೆ ಬಂದು ನಿಂತರು.

"ಬಿಚ್ಚಲಾ, ಹಾಗೇ ಇರ್ಲಾ?"

ಉಂಡೆ ಒಂದೊಂದನ್ನೇ ಎತ್ತಿ ನೋಡಿದಳು.

"ಇದನ್ನ ಬಿಚ್ಚು. ಇದನ್ನೂ. ಇದು ಇರ್ಲಿ ಅಮ್ಮ, ಚಳಿಗೆ ಬೆಚ್ಚಗಿರುತ್ತೆ." ಆಮೇಲೆ ಕೈ ಎರಡೂ ಚಾಚಿ ನಿಂತಳು. "ಅಳತೆ ಹೊಸದಾಗಿ ತಗೋಬೇಕು. ದಪ್ಪ ಆಗಿದೀನಿ."

"ಯಾಕೆ?" ಎಂದರು ಟೈಲರಮ್ಮ ತಟ್ಟನೆ.

"ಹಾಸ್ಟೆಲ್ ಊಟ!" ಎಂದು ಉಂಡೆ ನಕ್ಕಳು.

ಟೈಲರಮ್ಮ ಈಗಲೂ ಚಿಕ್ಕಮ್ಮನ ಮೊದಲ ಪಾಠವನ್ನು ತಪ್ಪದೆ ಪಾಲಿಸುತ್ತಾರೆ. ಎರಡನೆಯದನ್ನು ಮಾತ್ರ ಸ್ವಲ್ಪ ತಿದ್ದಿಕೊಂಡಿದ್ದಾರೆ. ಕಾಲೇಜಿಗೆ ಹೋಗುವ ಮಕ್ಕಳು ಅಳತೆ ಕೊಡಲು ಬಂದರೆ ಟೇಪು ಸುತ್ತಿಟ್ಟ ಮೇಲೆ, "ಹೇಗಿದ್ದೀಯ? ಎಲ್ಲ ಸರಿಯಾಗಿದೆಯಾ?" ಎಂದು ಕೇಳುತ್ತಾರೆ. ಉತ್ತರಕ್ಕೆ ಕಾಯುತ್ತಾರೆ. ಚಿಕ್ಕಮ್ಮನ ಯಂತ್ರ ಮತ್ತೆ ಮಂಚದ ಕೆಳಗೆ ಹೋಗಿದೆ. ಬೆಳಕು ಚೆನ್ನಾಗಿ ಬೀಳುವ ಆ ಜಾಗದಲ್ಲಿ ಈಗೊಂದು ಕುರ್ಚಿ ಇದೆ. ಬಂದವರು ಕೂತು ಮಾತಾಡಲಿ ಎಂದು.

ಇದನ್ನು ಓದುತ್ತಿರುವ, ಕೇಳುತ್ತಿರುವ ಅಮ್ಮಂದಿರೇ, ಅಪ್ಪಂದಿರೇ, ನಿಮ್ಮ ಮನೆಯ ಮಗಳೋ ಮಗನೋ ಓದಿಗೆ ಹೋಗಿರಬಹುದು. ಚೆನ್ನಾಗಿ ಓದುತ್ತಿದ್ದ ಮಗು ಇದ್ದಕ್ಕಿದ್ದಂತೆ ಓದು ಬೇಡ ಎಂದರೆ, ಊಟ ನಿದ್ದೆ ಬಿಟ್ಟರೆ, ಉಡುವ ರೀತಿ ಬದಲಿಸಿ ಮೂಲೆ ಸೇರಿದರೆ, ದಯವಿಟ್ಟು ಬೈಯಬೇಡಿ. ಮೆಲ್ಲನೆ ಕೇಳಿ. ಹೇಳಿದಾಗ ನಂಬಿ. ನೀನೇನು ಉಟ್ಟಿದ್ದೆ, ನೀನೇನು ಅಂದೆ ಎಂದು ಅವರನ್ನೇ ವಿಚಾರಣೆ ಮಾಡಬೇಡಿ. ಅವರ ಒಪ್ಪಿಗೆ ಪಡೆದು, ಅವರ ಜೊತೆಯಲ್ಲೇ ದೂರು ಸಮಿತಿಯ ಬಾಗಿಲು ತಟ್ಟಿ.

ಓದುತ್ತಿರುವ ಮಕ್ಕಳೇ, ನಿಮಗೆ ಹೀಗಾಗಿದ್ದರೆ ತಪ್ಪು ನಿಮ್ಮದಲ್ಲ. ನಂಬುವ ಒಬ್ಬರಿಗಾದರೂ ಹೇಳಿ. ಇನ್ನೊಬ್ಬರಿಗೆ ಹೀಗಾಗುತ್ತಿದ್ದರೆ, ದೊಡ್ಡದೇನೂ ಮಾಡಲಾಗದಿದ್ದರೂ ಹೊರಗಿನ ಮೆಟ್ಟಿಲ ಮೇಲೆ ಕೂತಿರಿ. ಬಾಗಿಲಿಗೊಂದು ಸ್ಟೂಲು ಅಡ್ಡ ಇಡಿ.

ಇವತ್ತು ಸಂಜೆ ಮಕ್ಕಳಿಗೆ ಫೋನ್ ಮಾಡುವಾಗ ಅಂಕ ಎಷ್ಟು ಬಂತು ಎಂದು ಆಮೇಲೆ ಕೇಳಿ. ಹೇಗಿದ್ದೀಯ ಎಂದು ಮೊದಲು ಕೇಳಿ. ಕೇಳಿದ ಮೇಲೆ, ಅವರು ಮಾತಾಡುವ ತನಕ ಸ್ವಲ್ಪ ಕಾಯಿರಿ.